ಬೆಳ್ಳಗಾಗದ ಎಲೆಗಳು

“ರೂಮಿನ ಎಸಿ ಆರಿಸಿದ್ದು ನೀವೇ ತಾನೆ?”

ಸಸ್ಯಕೋಣೆಯ ಬಾಗಿಲಲ್ಲೇ ಸಂಶೋಧನಾ ವಿದ್ಯಾರ್ಥಿನಿ ಗದರಿದಳು. ಪಕ್ಕದಲ್ಲಿ ಅವಳ ಪ್ರೊಫೆಸರ್ ನಿಂತಿದ್ದರು. ಅಲ್ಲಿನ ಗಿಡಗಳನ್ನು ನೋಡಿಕೊಳ್ಳುವವನು ನೀರಿನ ಕ್ಯಾನ್ ಕೆಳಗಿಟ್ಟ.

“ಇಲ್ಲ ಮೇಡಂ. ಇಪ್ಪತ್ತೊಂದು ಡಿಗ್ರಿ ದಾಟಿಲ್ಲ.”

“ಸುಳ್ಳು! ಮೂರು ವಾರ ಆಯ್ತು, ಒಂದೆಲೆನೂ ಬೆಳ್ಳಗಾಗಿಲ್ಲ!”

ಅವಳ ಕೆಲಸ ಕೇಳುವುದಕ್ಕೇ ವಿಚಿತ್ರ. ಅಷ್ಟೇನೂ ಹಾನಿ ಮಾಡದ ವೈರಸ್ಸಿನೊಳಗೆ ಗಿಡದ್ದೇ ಒಂದು ಜೀನಿನ ತುಣುಕು ಸೇರಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಎಲೆಯ ಅಡಿಗೆ ಒತ್ತಬೇಕು. ವೈರಸ್ಸನ್ನು ಹೊಡೆಯಲು ಹೋದ ಗಿಡ ತನ್ನ ಆ ಜೀನಿನ ಬಾಯನ್ನೂ ಮುಚ್ಚಿಸಿಬಿಡುತ್ತದೆ. ಗಿಡದಲ್ಲಿ ಏನು ಕೆಟ್ಟಿತೆಂದು ನೋಡಿದರೆ ಆ ಜೀನಿನ ಕೆಲಸ ತಿಳಿಯುತ್ತದೆ. ಮೊದಲ ಪರೀಕ್ಷೆ ಹಸಿರು ಕಾಯುವ ಜೀನಿನ ಮೇಲೆ. ಎಲೆ ಬೆಳ್ಳಗಾದರೆ ವಿಧಾನ ಸರಿ ಎಂದರ್ಥ. ಕೋಣೆ ಬಿಸಿಯಾದರೆ ಎಲ್ಲ ಹಾಳು.

“ಸೋಮವಾರದಿಂದ ಇವರು ಬೇರೆ ಕಡೆ ಹೋಗ್ಲಿ,” ಎಂದರು ಪ್ರೊಫೆಸರ್.

ಅವನು ಸರಿ ಎಂದು ಹೊರಟ. ಎರಡು ತಿಂಗಳು ದಿನವೂ ಅವಳೊಂದಿಗೆ ಟೀ ಕುಡಿದವನು ತಿರುಗಿಯೂ ನೋಡಲಿಲ್ಲ. ಅವಳಿಗೆ ಸಂಕಟವಾಯಿತು.

ಮತ್ತೆ ಮೊದಲಿನಿಂದ ಮಾಡೋಣವೆಂದು ಫ್ರೀಜರ್ ತೆರೆದಳು. ತುಣುಕು ಸೇರಿಸಿದ ವೈರಸ್ಸಿನ ಟ್ಯೂಬು ಮುಚ್ಚಳವನ್ನೂ ತೆರೆಯದೆ ಹಾಗೇ ಇತ್ತು! ತುಣುಕಿಲ್ಲದ ಬರೀ ವೈರಸ್ಸಿನ ಟ್ಯೂಬು ಮಾತ್ರ ಅರ್ಧವಾಗಿತ್ತು.

ಅಯ್ಯೋ... ತಪ್ಪು ಟ್ಯೂಬು ಹಾಕಿದ್ದು ನಾನೇ!

ಅಕ್ಕನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಅಕ್ಕ. “ಹೋಗೇ, ಒಪ್ಕೋ.”

“ಒಪ್ಕೊಂಡ್ರೆ ನನ್ನ ಪ್ರಾಜೆಕ್ಟೇ ಕಿತ್ಕೋಬಹುದು, ಅಕ್ಕಾ!”

“ಅವನನ್ನ ಕಳಿಸುವಾಗ ಇದು ನೆನಪಾಗ್ಲಿಲ್ವಾ?”

ಅವಳು ಹೋಗಿ ಒಪ್ಪಿಕೊಂಡಳು. ಪ್ರೊಫೆಸರ್ ಚೆನ್ನಾಗಿ ಉಗಿದರು. ಅವಳು ಆಸೆಪಟ್ಟಿದ್ದ, ರೋಗ ತಡೆಯುವ ಜೀನಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಎಲೆ ಬೆಳ್ಳಗಾಗಿಸುವ ಪರೀಕ್ಷೆಯಷ್ಟೇ ಅವಳಿಗೆ ಉಳಿಯಿತು. ಆದರೆ ಅವನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದರು.

ಅವಳು ಸಸ್ಯಕೋಣೆಗೆ ಬಂದಾಗ ಅವನು ಟ್ರೇ ತೊಳೆಯುತ್ತಿದ್ದ.

“ತಪ್ಪು ನಂದು. ಪ್ರೊಫೆಸರಿಗೂ ಹೇಳಿದೆ.”

“ಗೊತ್ತಾಯ್ತು.”

“ಆಗ ನೀವ್ಯಾಕೆ ವಾದ ಮಾಡ್ಲಿಲ್ಲ?”

“ಬೇರೆ ಯಾರಾದ್ರೂ ಅಂದಿದ್ರೆ ಜಗಳ ಆಡ್ತಿದ್ದೆ. ನೀವಂದ್ರಲ್ಲ... ಬಾಯೇ ಬರ್ಲಿಲ್ಲ.”

ಅವಳ ಕಣ್ಣು ತುಂಬಿತು. “ನೀವಂದ್ರೆ ನಂಗಿಷ್ಟ. ಅದನ್ನ ಹೇಳೋಕೂ ಈಗ ಮುಖ ಇಲ್ಲ.”

ಅವನು ಕೈ ಒರೆಸಿಕೊಂಡು ಅವಳಿಗೊಂದು ಸ್ಟೂಲು ಎಳೆದುಕೊಟ್ಟ.

“ಮೊದ್ಲು ಟ್ಯೂಬು ತನ್ನಿ. ಈ ಸಲ ಇಬ್ರೂ ಅದರ ಮೇಲಿನ ಹೆಸರು ಓದಿ ಹಾಕೋಣ.”

“ನಾನು ಹೇಳಿದ್ದಕ್ಕೆ ಉತ್ತರ?”

“ನಂಗೂ ಇಷ್ಟಾನೇ,” ಎಂದ ಅವನು, ಸಿರಿಂಜು ಹುಡುಕುತ್ತ. “ಮೇಡಂ ಅನ್ನೋದು ಇನ್ನು ಬಿಡ್ಲಾ?”

“ಬಿಡು,” ಎಂದಳು ಅವಳು.