ಕತ್ತಿಯಿಲ್ಲದ ಆಟ

"ನಿಮ್ಮ ನೀರು ಸರಿಯಿಲ್ಲ."

ಹನೀನ್ ಕಂಪ್ಯೂಟರ್‌ನಿಂದ ತಲೆಯೆತ್ತಿದಳು. ಬಾಗಿಲಲ್ಲಿ ನಿಂತವನು ಒಂದು ಸಲಾಂ ಕೂಡ ಹೇಳಿರಲಿಲ್ಲ. ಕೆಸರು ಮೆತ್ತಿದ ಬೂಟು, ಕೈಯಲ್ಲಿ ಸುರುಳಿ ಸುತ್ತಿದ ಕಾಗದಗಳು, ಎದೆಯ ಮೇಲೆ ಡ್ರ್ಯಾಗನ್ ಚಿತ್ರದ ಮಾಸಿದ ಟೀ ಶರ್ಟ್.

"ಯಾವ ನೀರು?"

"ನಿಮ್ಮ ಆಟದ್ದು. ಮಾದರಿ ಆಡಿ ನೋಡ್ದೆ. ಎಲ್ಲರ ಮನೆಗೂ ಒಂದೇ ಸಮ ಹರೀತಿದೆ. ಅಮ್ಮಾನಿನಲ್ಲಿ ಹುಟ್ಟಿ ಬೆಳೆದೋರು ನೀವು. ಇಂಥ ನೀರು ಎಲ್ಲಿ ನೋಡಿದ್ರಿ ಇಂಜಿನಿಯರಮ್ಮ?"

ಮೂಲೆಯಲ್ಲಿ ಚಿತ್ರ ಬರೆಯುತ್ತಿದ್ದ ನುಹಾ ಕಿಸಕ್ಕನೆ ನಕ್ಕಳು. ಹನೀನ್‌ಳ ಕೋಪ ಮೊದಲೇ ಮೂಗಿನ ತುದಿಯಲ್ಲಿ ಇರುತ್ತಿತ್ತು. ಈಗ ಕಿವಿಯವರೆಗೂ ಏರಿತು.

"ನೀವು ಯಾರು ಅಂತ ಮೊದಲು ಹೇಳ್ತೀರಾ?"

"ಯಝನ್. ನಾಲ್ಕು ಸೋಮವಾರದ ಚಹಾ ನಂದೇ."

ಅಯ್ಯೋ ದೇವರೇ... ಅದನ್ನು ಒಬ್ಬ ತಗೊಂಡುಬಿಟ್ಟನಾ?

ವಿಷಯ ಇಷ್ಟೇ. ಹನೀನ್ ಮತ್ತು ನುಹಾ ಅಮ್ಮಾನ್ ನಗರದ ಲುವೈಬ್ದೆ ಬಡಾವಣೆಯ ಈ ಮಾಳಿಗೆ ಕೋಣೆಯಲ್ಲಿ ಒಂದು ಆನ್‌ಲೈನ್ ಆಟ ಕಟ್ಟಲು ಹೊರಟಿದ್ದರು. ಸಾವಿರಾರು ಜನ ಒಟ್ಟಿಗೆ ಆಡುವ ಆಟ. ಅದಕ್ಕೆ ಬೇಕಾದ ಹಣವನ್ನು ಆಡುವವರಿಂದಲೇ ಮುಂಗಡ ಕೇಳಿದ್ದರು, ಅದೇ ಕ್ರೌಡ್‌ಫಂಡಿಂಗ್. ನಲವತ್ತು ದಿನಗಳೊಳಗೆ ಗುರಿ ಮುಟ್ಟಿದರೆ ಪೂರ್ತಿ ಹಣ, ಮುಟ್ಟದಿದ್ದರೆ ಒಂದು ಫಿಲ್ಸೂ ಇಲ್ಲ. ಕೊನೆಯ ದಿನದವರೆಗೆ ಯಾರು ಬೇಕಾದರೂ ತಮ್ಮ ಹೆಸರನ್ನು ವಾಪಸ್ ತೆಗೆಯಬಹುದು. ಕೊಟ್ಟವರಿಗೆ ಕೊಟ್ಟಷ್ಟಕ್ಕೆ ತಕ್ಕ ಉಡುಗೊರೆ. ಎಲ್ಲಕ್ಕಿಂತ ದೊಡ್ಡ ಮೊತ್ತಕ್ಕೆ ಒಪ್ಪಿದ ಒಬ್ಬರಿಗೆ, ಆ ವಾರದಿಂದಲೇ, ನಾಲ್ಕು ಸೋಮವಾರ ಮಧ್ಯಾಹ್ನ ಹನೀನ್ ಜೊತೆ ಚಹಾ. ತಮಾಷೆಗೆ ಹಾಕಿದ್ದು ಅದು.

"ಕೂತ್ಕೊಳ್ಳಿ," ಎಂದಳು ಹಲ್ಲು ಕಚ್ಚಿಕೊಂಡು.

ಅವನು ಕೂತು ಕಾಗದ ಬಿಡಿಸಿದ. ಹದಿನಾಲ್ಕು ಪುಟ! ಎಲ್ಲವೂ ದೂರು.

ಯಝನ್, ನಸ್ರ್ ಗುಡ್ಡ ಎಂಬ ಬಡಾವಣೆಯ ನೀರುಗಂಟಿ. ವಾರಕ್ಕೊಮ್ಮೆ ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬ ಪಟ್ಟಿ ಹಿಡಿದು ವಾಲ್ವ್ ತಿರುಗಿಸುವುದು ಅವನ ಕೆಲಸ. ಆಟದ ಹುಚ್ಚು ಹದಿನೈದು ವರ್ಷದ್ದು. ನಲವತ್ತು ಜನರ ಒಂದು ತಂಡಕ್ಕೆ ಅವನೇ ನಾಯಕ. ಹೀಗೆ ಮುಂಗಡ ಕೊಟ್ಟು ನಾಲ್ಕು ಆಟಗಳಿಗಾಗಿ ಕಾದಿದ್ದ.

"ನಾಲ್ಕು ಟೀ ಶರ್ಟ್ ಬಂತು. ಆಟ ಒಂದೂ ಬರ್ಲಿಲ್ಲ," ಎಂದ.

"ಮತ್ತೆ ನಮಗ್ಯಾಕೆ ಕೊಟ್ರಿ?"

"ನಿಮ್ಮಲ್ಲಿ ಕತ್ತಿ ಇಲ್ಲ."

ಹನೀನ್ ಅವನತ್ತ ತಿರುಗಿ ಕೂತಳು. ಅವಳ ಎದೆಯೊಳಗಿನ ಮಾತನ್ನು ಈ ಕೆಸರಿನ ಬೂಟಿನವನು ಎಷ್ಟು ಸಲೀಸಾಗಿ ಹೇಳಿಬಿಟ್ಟ!

ಇಸ್ಪೀಟಿನ ಆಟ ಮಾಡುವ ಕಂಪನಿಯಲ್ಲಿ ನಾಲ್ಕು ವರ್ಷ ಎಲೆಗಳ ಬಣ್ಣ ಬದಲಿಸಿ ಬದಲಿಸಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ದೊಡ್ಡ ದೊಡ್ಡ ಆಟಗಳ ಕಥೆಯೂ ಬೇರೆಯಲ್ಲ. ಮೃಗವನ್ನು ಕೊಲ್ಲು, ಚಿನ್ನ ಬಾಚು, ಇನ್ನೂ ದೊಡ್ಡ ಕತ್ತಿ ಕೊಳ್ಳು, ಇನ್ನೂ ದೊಡ್ಡ ಮೃಗವನ್ನು ಕೊಲ್ಲು. ದುಡ್ಡಿರುವ ಕಂಪನಿಗಳಿಗೆ ಹೊಸತೆಂದರೆ ಜ್ವರ ಬರುತ್ತದೆ. ಅವಳ ಆಟದಲ್ಲಿ ಮಾತ್ರ ಒಂದು ಬೆಟ್ಟ, ಒಂದೇ ಚಿಲುಮೆ. ಸಾವಿರಾರು ಜನ ಅದೇ ನೀರಿನಲ್ಲಿ ಬದುಕಬೇಕು. ಮೇಲಿನವನು ಹೆಚ್ಚು ಎಳೆದುಕೊಂಡರೆ ಕೆಳಗೆ ಎಲ್ಲೋ ಒಬ್ಬನ ತೋಟ ಒಣಗುತ್ತದೆ, ಅವನೂ ನಿಜವಾದ ಮನುಷ್ಯನೇ. ಕೊಲ್ಲುವ ಹಾಗಿಲ್ಲ, ಮಾತಾಡಿಯೇ ಬಗೆಹರಿಸಿಕೊಳ್ಳಬೇಕು. ಕಂಪನಿಗಳು ಕೊಡದ ಧೈರ್ಯವನ್ನು ಜನ ಕೊಡುತ್ತಾರೆ ಎಂದು ನಂಬಿ ಅವಳು ಕೆಲಸ ಬಿಟ್ಟಿದ್ದಳು. ಈ ಆಟ ಆಗದಿದ್ದರೆ ಮತ್ತೆ ಇಸ್ಪೀಟು.

"ಸರಿ," ಎಂದಳು. "ನೀರು ಹೇಗೆ ಹರೀಬೇಕು ಹೇಳಿ."

ಅವನು ಹೇಳಿದ. ಪೈಪಿನ ತುದಿಯ ಮನೆಗೆ ಒತ್ತಡ ಹೇಗೆ ಸಾಯುತ್ತದೆ, ಕದ್ದು ಮೋಟರ್ ಹಾಕಿದವನು ದೂರದವನಿಗಿಂತ ಮೊದಲು ತನ್ನ ಪಕ್ಕದ ಮನೆಯವನ ನೀರನ್ನೇ ಹೇಗೆ ಎಳೆಯುತ್ತಾನೆ, ನೀರಿನ ದಿನ ತಪ್ಪಿದ ಬೀದಿಯ ಹೆಂಗಸರು ಹೇಗೆಲ್ಲ ಬೈಯುತ್ತಾರೆ... ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಮರಮಿಯ್ಯ ಸೊಪ್ಪು ಹಾಕಿದ ಚಹಾ ಆರಿ ತಣ್ಣಗಾಗಿತ್ತು. ಹನೀನ್ ಅವನ ಕಾಗದದ ಅಂಚಿನಲ್ಲೇ ಬರೆದುಕೊಳ್ಳತೊಡಗಿದ್ದಳು.

ಎರಡನೇ ಸೋಮವಾರಕ್ಕೆ ಆಟದ ನೀರು ಪೂರ್ತಿ ಬದಲಾಗಿತ್ತು. ಅಂದು ಮಧ್ಯಾಹ್ನ ಅವನು ಬರುವುದು ಅರ್ಧ ಗಂಟೆ ತಡವಾದಾಗ ಅವಳು ಆರು ಸಲ ಕಿಟಕಿಯಿಂದ ಬಗ್ಗಿ ನೋಡಿದಳು.

"ಯಾರನ್ನೋ ಕಾಯ್ತಿರೋ ಹಾಗಿದೆ," ಎಂದಳು ನುಹಾ.

"ಟ್ಯಾಂಕರ್ ಬಂತಾ ಅಂತ ನೋಡ್ತಿದೀನಿ."

"ಹೌದೌದು. ಡ್ರ್ಯಾಗನ್ ಟ್ಯಾಂಕರ್."

ಛೇ... ನನಗೇನಾಗಿದೆ? ಅವನು ದುಡ್ಡು ಕೊಟ್ಟವನು, ನಾನು ಚಹಾ ಕೊಡುವವಳು, ಅಷ್ಟೇ. ಹೀಗೆಂದುಕೊಂಡು ಹನೀನ್ ತನ್ನನ್ನೇ ಗದರಿಸಿಕೊಂಡಳು. ಗದರಿಸಿ ಏನೂ ಪ್ರಯೋಜನವಾಗಲಿಲ್ಲ.

ಆದರೆ ಗುರಿಯ ಅಂಕಿ ಮೊದಲ ಸೋಮವಾರದ ಬೆನ್ನಿಗೇ ಅರವತ್ತೆರಡು ಪರ್ಸೆಂಟ್ ತಲುಪಿ ಎತ್ತಿನ ಹಾಗೆ ಮಲಗಿಬಿಟ್ಟಿತ್ತು. ಒಂದು ದಿನ, ಎರಡು ದಿನ, ಎಂಟು ದಿನ. ಏಳುವ ಸೂಚನೆಯೇ ಇಲ್ಲ. ಹಣ ಕೇಳಿದ್ದ ವೆಬ್ ಪುಟದ ಕೆಳಗೆ ಜನ ಬರೆಯುತ್ತಿದ್ದುದು ಒಂದೇ ಮಾತು. ಕತ್ತಿ ಎಲ್ಲಿ? ಕುದುರೆ ಇದೆಯಾ? ಯುದ್ಧ ಯಾವಾಗ? ಇದೇನು ಆಟವೋ, ನಲ್ಲಿ ಮುಂದಿನ ಜಗಳವೋ?

ಓದಿ ಓದಿ ಹನೀನ್‌ಳ ಮೈ ಉರಿಯಿತು. ಹೊಸತು ಬೇಕು ಹೊಸತು ಬೇಕು ಎಂದು ವರ್ಷಗಟ್ಟಲೆ ಗೋಳಾಡಿದವರು ಇವರೇ ಅಲ್ಲವೇ? ಹೊಸತನ್ನು ಕೈಗಿಟ್ಟರೆ ಹಳೆಯದರ ಬಣ್ಣ ಕೇಳುತ್ತಾರಲ್ಲ!

ಆ ಬುಧವಾರ ಅವಳ ತಾಳ್ಮೆ ಸೋತಿತು. ಪುಟದಲ್ಲಿ ಹೊಸ ಭರವಸೆಗಳನ್ನು ಬರೆದಳು. ಕತ್ತಿ ಬರುತ್ತದೆ. ಕುದುರೆ ಬರುತ್ತದೆ. ಕೋಟೆ, ಯುದ್ಧ, ಸಾಕುಪ್ರಾಣಿ... ಎಣಿಸಿದರೆ ಹನ್ನೊಂದು.

ಮೂರನೇ ಸೋಮವಾರ ಯಝನ್ ಬಂದ. ಕೂರಲಿಲ್ಲ.

"ಹನ್ನೊಂದು ಮಾತು ಕೊಟ್ಟಿದೀರಿ. ಇರೋದು ಇಬ್ಬರು. ಯಾವಾಗ ಮಾಡ್ತೀರಿ?"

"ಮಾಡ್ತೀವಿ."

"ಯಾವಾಗ?"

"ಏನು ಮಾಡ್ಲಿ ಹಾಗಾದ್ರೆ? ಅಂಕಿ ನೋಡ್ತಾ ಕಣ್ಣೀರು ಹಾಕ್ಲಾ? ನಿಮಗೇನು, ಸಂಬಳ ಬರುತ್ತೆ. ಇದು ಬಿದ್ರೆ ನನ್ನ ಆಟ ಸತ್ತಂಗೆ!"

"ಇದು ಗೆದ್ರೂ ಸತ್ತಂಗೇ," ಎಂದ ಅವನು ಮೆಲ್ಲಗೆ. "ಇವರು ನಿಮ್ಮ ಆಟಕ್ಕೆ ದುಡ್ಡು ಕೊಡ್ತಿಲ್ಲ. ತಾವು ಚಿಕ್ಕವರಿದ್ದಾಗ ಆಡಿದ ಆಟಕ್ಕೆ ಕೊಡ್ತಿದಾರೆ."

ಸರಿಯಾದ ಮಾತು. ಸರಿಯಾದ ಮಾತು ಎಂದೇ ಅವಳಿಗೆ ತಡೆಯಲಾಗಲಿಲ್ಲ. ಬಾಗಿಲ ಕಡೆ ಕೈ ತೋರಿಸಿದಳು. ಅವನು ಹೋದ.

ಮರುದಿನ ಬೆಳಿಗ್ಗೆ ಪುಟ ತೆರೆದು ಕೊಟ್ಟವರ ಪಟ್ಟಿ ನೋಡಿದಳು. ಯಝನ್‌ನ ಹೆಸರು ಇರಲಿಲ್ಲ. ಅವನ ತಂಡದ ಮೂವತ್ತೆಂಟು ಹೆಸರುಗಳೂ ಇರಲಿಲ್ಲ.

ಅವಳು ಫೋನ್ ಮಾಡಿದಳು. "ಒಬ್ಬರೇ ಹೋಗೋಕೆ ಆಗ್ಲಿಲ್ವಾ? ಇಡೀ ದಂಡು ಕಟ್ಕೊಂಡು ಹೋಗ್ಬೇಕಿತ್ತಾ?"

"ನಾನು ನನ್ನದನ್ನ ಮಾತ್ರ ತೆಗ್ದೆ."

"ನಂಬಬೇಕಾ ನಾನು?"

"ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

"ಹೋಗಿ, ನಿಮ್ಮ ವಾಲ್ವ್ ತಿರುಗಿಸ್ಕೊಂಡಿರಿ. ಆಟ ಕಟ್ಟೋರ ಕಷ್ಟ ನಿಮಗೆಲ್ಲಿ ಗೊತ್ತಾಗ್ಬೇಕು."

ಫೋನ್ ಇಟ್ಟಳು. ಇಟ್ಟ ಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಎಷ್ಟು ಕೆಟ್ಟ ಮಾತು ಆಡಿದೆ... ಆದರೆ ಅವನು ಮಾಡಿದ್ದು? ನನ್ನ ಕೈ ಹಿಡಿದು ದಾರಿ ತೋರಿಸಿ ಅರ್ಧದಲ್ಲಿ ಕೈ ಬಿಡುವುದು ಯಾವ ನ್ಯಾಯ?

ಅತ್ತ ಕತ್ತಿಯ ಸುದ್ದಿ ಹಬ್ಬಿ ಅಂಕಿ ಏಳತೊಡಗಿತು. ಎಪ್ಪತ್ತು, ಎಂಬತ್ತೈದು, ತೊಂಬತ್ತೊಂಬತ್ತು. ಕೊನೆಯ ಗುರುವಾರ ಸಂಜೆ ನಾಲ್ಕಕ್ಕೆ ಮುಕ್ತಾಯ. ಮಧ್ಯಾಹ್ನ ಹನ್ನೆರಡಕ್ಕೇ ನೂರ ಆರು ಪರ್ಸೆಂಟ್!

ನುಹಾ ಬಿಸಿ ಬಿಸಿ ಕುನಾಫಾ ಸಿಹಿ ತಂದಳು. ಹನೀನ್ ತಟ್ಟೆ ಪಕ್ಕಕ್ಕೆ ತಳ್ಳಿದಳು. ಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ ಮಾತು ಅವಳ ಕಣ್ಣಿಗೆ ಚುಚ್ಚುತ್ತಿತ್ತು. 'ನೀರಿನ ಗೋಳು ತೆಗೆದುಬಿಡಿ. ಯುದ್ಧ ಒಂದಿದ್ದರೆ ಸಾಕು.'

ಆಗ ಒಂದು ಪತ್ರ ಬಂತು. ಬರೆದವಳು ಇರ್ಬಿದ್ ಊರಿನ ಉಮ್ ಸಖರ್, ನಾಲ್ಕು ಮಕ್ಕಳ ತಾಯಿ, ಯಝನ್‌ನ ತಂಡದವಳು.

'ಮಗಳೇ, ನಿನ್ನ ಆಟಕ್ಕೆ ಸೇರಿ ಅಂತ ನಮ್ಮ ಬೆನ್ನು ಬಿದ್ದವನೇ ಯಝನ್. ನೀನು ಕತ್ತಿ ತಂದಾಗ ನಮಗೆ ಬೇಜಾರಾಯ್ತು, ನಾವಾಗೇ ಹೊರಟೆವು. ಹೋಗಬೇಡಿ, ಅವಳು ಸುಸ್ತಾಗಿದಾಳೆ, ಅವಳ ದಾರಿಗೆ ಅವಳೇ ವಾಪಸ್ ಬರ್ತಾಳೆ ಅಂತ ಗೋಗರೆದ. ನಾವು ಕೇಳಲಿಲ್ಲ. ಈಗ ಅವನು ಯಾರ ಹತ್ರಾನೂ ಮಾತಾಡ್ತಿಲ್ಲ. ಅದಕ್ಕೇ ಬರೆದೆ.'

ಹನೀನ್ ಎರಡು ಸಲ ಓದಿದಳು. ಮೂರನೇ ಸಲ ಅಕ್ಷರ ಕಾಣಿಸಲಿಲ್ಲ.

ನಾನು ಅವನ ಒಂದು ಮಾತನ್ನೂ ನಂಬಲಿಲ್ಲ. ಯಾರೋ ಗುರುತಿಲ್ಲದವರಿಗೆ ಮಾತ್ರ ಹನ್ನೊಂದು ಮಾತು ಕೊಟ್ಟೆ. ಆ ಹನ್ನೊಂದರಲ್ಲಿ ಒಂದನ್ನೂ ನಾನು ಉಳಿಸಿಕೊಳ್ಳಲಾರೆ... ಉಳಿಸಿಕೊಂಡರೂ ಅದು ನನ್ನ ಆಟವಲ್ಲ.

"ನುಹಾ," ಎಂದಳು. "ಇದನ್ನ ನಿಲ್ಲಿಸಿಬಿಡೋಣ."

ನುಹಾಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಗೆದ್ದಾಗಿದೆ ಕಣೇ. ನಾಲ್ಕು ಗಂಟೆಗೆ ದುಡ್ಡು ನಮ್ಮದು."

"ಗೊತ್ತು. ನೀನು ಬೇಡ ಅಂದ್ರೆ ಮುಟ್ಟಲ್ಲ."

ನುಹಾ ತಟ್ಟೆ ಕೆಳಗಿಟ್ಟಳು. ಕಣ್ಣು ತುಂಬಿತು, ಬೈದಳು, ಮೂಗು ಒರೆಸಿಕೊಂಡಳು. ಕೊನೆಗೆ, "ಆ ದರಿದ್ರ ಕುದುರೆ ಕಾಲು ಹದಿನೇಳು ಸಲ ಬರ್ದಿದೀನಿ," ಎಂದಳು. "ಒತ್ತು. ನನ್ನ ಮನಸ್ಸು ಬದಲಾಗೋದ್ರೊಳಗೆ ಒತ್ತು."

ಹನೀನ್ ಒತ್ತಿದಳು. ನೂರ ಆರು ಪರ್ಸೆಂಟ್ ಕ್ಷಣದಲ್ಲಿ ಅಳಿಸಿಹೋಯಿತು. ಎಲ್ಲರ ಕ್ಷಮೆ ಕೇಳಿ ನಾಲ್ಕು ಸಾಲು ಬರೆದಳು. ಬೈಗುಳ ಬರತೊಡಗುವ ಮೊದಲೇ ಚೀಲ ಹೆಗಲಿಗೇರಿಸಿ ಟ್ಯಾಕ್ಸಿ ಹಿಡಿದಳು.

ಗುರುವಾರ ನಸ್ರ್ ಗುಡ್ಡಕ್ಕೆ ನೀರಿನ ದಿನ. ಮೂರು ಬೀದಿ ಅಲೆದ ಮೇಲೆ ಅವನು ಕಂಡ. ರಸ್ತೆಯ ಗುಂಡಿಯೊಳಗೆ ಬಗ್ಗಿ, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವ್ ತಿರುಗಿಸುತ್ತಿದ್ದ. ಮೇಲೆ ಕಿಟಕಿಯಿಂದ ಒಬ್ಬ ಅಜ್ಜಿ, "ಊಟ ಮಾಡಿದೀಯೋ ಇಲ್ವೋ, ಇನ್ನೂ ಎರಡು ಸುತ್ತು ತಿರುಗಿಸೋ," ಎಂದು ಕೂಗುತ್ತಿದ್ದಳು.

ಅವಳನ್ನು ನೋಡಿ ಅವನು ನೆಟ್ಟಗಾದ. ಮುಖದಲ್ಲಿ ನಗು ಇರಲಿಲ್ಲ.

"ಅಭಿನಂದನೆ. ನೂರು ದಾಟ್ತಂತೆ."

"ನಿಲ್ಲಿಸಿಬಿಟ್ಟೆ."

"ಏನು?"

"ಎಲ್ಲಾನೂ. ಒಂದು ಗಂಟೆ ಹಿಂದೆ."

ಅವನು ಗುಂಡಿಯ ಅಂಚಿನಲ್ಲೇ ಕುಸಿದು ಕೂತ. "ತಲೆ ಕೆಟ್ಟಿದೆಯಾ ನಿಮಗೆ?"

"ಕೆಟ್ಟಿತ್ತು. ಈಗ ಸರಿಹೋಗಿದೆ," ಎಂದಳು. "ಉಮ್ ಸಖರ್ ಬರೆದಿದ್ರು. ನಾನು ಆಡಿದ ಮಾತು ವಾಪಸ್ ತಗೊಳ್ಳೋಕಾಗಲ್ಲ. ತಪ್ಪಾಯ್ತು ಯಝನ್. ಆದ್ರೆ ನನಗೆ ನಿಮ್ಮ ಮೇಲೂ ಸಿಟ್ಟಿದೆ. ಎಲ್ಲರನ್ನೂ ಉಳಿಸೋಕೆ ಗೋಗರೆದೋರು ನೀವೇ ಯಾಕೆ ಹೊರಟ್ರಿ?"

ಅವನು ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ಆ ಪಟ್ಟಿ ನೋಡಿ ಸಿಟ್ಟು ಬಂದಿದ್ದು ನಿಜ. ಆದ್ರೆ ಅದಷ್ಟೇ ಅಲ್ಲ. ನಾಲ್ಕನೇ ಸೋಮವಾರ ಒಂದು ಮಾತು ಹೇಳ್ಬೇಕು ಅಂತಿದ್ದೆ. ದುಡ್ಡು ಕೊಟ್ಟು ಕೂತ್ಕೊಂಡು ಆ ಮಾತು ಹೇಳಿದ್ರೆ, ನಿಮ್ಮ ಮಧ್ಯಾಹ್ನಾನ ಕೊಂಡ್ಕೊಂಡು ಹೇಳ್ದಂಗೆ ಆಗ್ತಿತ್ತು. ಉಡುಗೊರೆ ಪಟ್ಟಿಯಲ್ಲಿ ಇಲ್ಲದ್ದನ್ನ ಕೇಳ್ದಂಗೆ."

"ಯಾವ ಮಾತು?"

"ಗೊತ್ತಿದ್ದೂ ಕೇಳ್ತಿದೀರಿ."

"ಗೊತ್ತಿದೆ. ಆದ್ರೂ ಕೇಳ್ಬೇಕು."

ಯಝನ್ ತಲೆಯೆತ್ತಿ ಅವಳ ಕಣ್ಣನ್ನೇ ನೋಡಿದ. "ನೀವಂದ್ರೆ ನನಗೆ ಜೀವ. ಸೋಮವಾರ ಇಲ್ಲದ ವಾರ ನನಗೆ ವಾರಾನೇ ಅಲ್ಲ."

ಹನೀನ್ ರಸ್ತೆ ಎಂಬುದನ್ನೂ ಮರೆತು ಅವನ ಪಕ್ಕದಲ್ಲಿ ಕೂತುಬಿಟ್ಟಳು. ಇಷ್ಟು ದಿನ ಎದೆಯಲ್ಲಿ ಗಂಟು ಕಟ್ಟಿದ್ದ ಸಿಟ್ಟೆಲ್ಲ ಕಣ್ಣಲ್ಲಿ ಇಳಿಯಿತು.

"ನನಗೂ," ಎಂದಳು. "ಮೊದಲ ಸೋಮವಾರದಿಂದ."

ಮೇಲಿನ ಅಜ್ಜಿ ಈಗ ಸದ್ದಿಲ್ಲದೆ ಕಿಟಕಿಯಲ್ಲೇ ನಿಂತಿದ್ದಳು.

"ಆಟದ ಗತಿ?" ಎಂದು ಕೇಳಿದ ಅವನು ಸ್ವಲ್ಪ ಹೊತ್ತಿನ ಮೇಲೆ.

"ಭಾನುವಾರ ವಾರ ಶುರುವಾಗ್ತಿದ್ದಂಗೆ ಮತ್ತೆ ಇಸ್ಪೀಟು ಕಂಪನಿ. ಸಂಜೆ ನಮ್ಮ ಆಟ. ಸಾವಿರ ಜನ ಬೇಡ, ನಲವತ್ತು ಸಾಕು. ನೀರು ಬೇಕು ಅನ್ನೋ ನಲವತ್ತು ಜನ. ಯಾವಾಗ ಮುಗಿಯುತ್ತೋ ಗೊತ್ತಿಲ್ಲ. ಯಾರಿಗೂ ಇನ್ನು ಮಾತು ಕೊಡಲ್ಲ."

"ನನಗೂ ಕೊಡಲ್ವಾ?"

"ಏನು ಮಾತು?"

"ನಾಳೆ ಶುಕ್ರವಾರ. ನಮಾಜ್ ಮುಗಿದ ಮೇಲೆ ಅಮ್ಮನ್ನ, ದೊಡ್ಡಪ್ಪನ್ನ ಕರ್ಕೊಂಡು ಹೆಣ್ಣು ಕೇಳೋಕೆ ನಿಮ್ಮನೆಗೆ ಬರ್ತೀನಿ. ಪದ್ಧತಿಯಂತೆ ನಿಮ್ಮಪ್ಪ ಹೂಂ ಅನ್ನೋವರೆಗೂ ದೊಡ್ಡಪ್ಪ ತಮ್ಮ ಮುಂದಿಟ್ಟ ಕಾಫಿ ಮುಟ್ಟಲ್ಲ. ಬಹಳ ಹಠ ಅವರಿಗೆ." ಅವನ ಧ್ವನಿ ಸಣ್ಣಗಾಯಿತು. "ಎಷ್ಟು ಹೊತ್ತು ಕಾಯಿಸ್ತೀರಿ?"

ಹನೀನ್ ಕಣ್ಣೊರೆಸಿಕೊಂಡು ನಕ್ಕಳು.

"ಕರ್ಕೊಂಡು ಬಾ," ಎಂದಳು. "ಕಾಫಿ ಆರೋಕೆ ಬಿಡಲ್ಲ."