ಎಡಗಿವಿಯ ಗುಟ್ಟು

“ಬೀನ್ಸ್ ಚೆಲ್ಲಿದ್ರೆ ಅಮ್ಮ ಬೈತಾರೆ, ಮಿಸ್,” ಎಂದ ಹಿಂದಿನ ಬೆಂಚಿನ ಗುಂಡ.

ಕ್ಲಾಸೆಲ್ಲ ನಕ್ಕಿತು. ಬೋರ್ಡಿನ ಮೇಲೆ ‘ಸ್ಪಿಲ್ ದ ಬೀನ್ಸ್’ ಎಂದು ಬರೆದಿದ್ದ ಇಂಗ್ಲಿಷ್ ಮಿಸ್ಸೂ ನಕ್ಕರು.

“ಇದು ಅಡುಗೆಮನೆ ವಿಷಯ ಅಲ್ಲಪ್ಪ. ನಂಬಿ ಹೇಳಿದ ಗುಟ್ಟನ್ನ ಹೊರಗೆ ಹಾಕೋದು. ನಾವು ಗುಟ್ಟು ರಟ್ಟಾಯ್ತು ಅಂತೀವಲ್ಲ, ಹಾಗೆ. ಯಾರು ಒಂದು ವಾಕ್ಯ ಮಾಡ್ತೀರಿ?”

ಮೊದಲು ಮೇಲೆದ್ದದ್ದು ಚಿನಕುರುಳಿಯ ಕೈ. ಬಾಯಿಗೆ ಬಿಡುವೇ ಕೊಡದ ಮೊಮ್ಮಗಳಿಗೆ ಅಜ್ಜಿ ಇಟ್ಟ ಆ ಹೆಸರು ಶಾಲೆಯಲ್ಲೂ ಅಂಟಿಕೊಂಡಿತ್ತು.

“ಮುಂದೆ ಬಂದು ಹೇಳು,” ಎಂದರು ಮಿಸ್.

ಪಕ್ಕದಲ್ಲಿ ಕೂತಿದ್ದ ಗುಬ್ಬಿ ಕಾಲು ಸರಿಸಿ ದಾರಿ ಬಿಟ್ಟಳು. ಅವಳು ಈ ವರ್ಷವಷ್ಟೇ ಶಾಲೆಗೆ ಸೇರಿದವಳು. ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹಿಂದಿನ ಶಾಲೆಯಲ್ಲಿ ‘ಕಿವುಡಿ’ ಎಂದು ಕರೆದು ಕರೆದು ಅಳಿಸಿದ್ದರಂತೆ. ಇಲ್ಲಿ ಚಿನಕುರುಳಿಯೊಬ್ಬಳಿಗೇ ಹೇಳಿ ಆಣೆ ಹಾಕಿಸಿಕೊಂಡಿದ್ದಳು. ಅಂದಿನಿಂದ ಚಿನಕುರುಳಿ ಅವಳ ಬಲಗಡೆಯೇ ಕೂತು, ಕೇಳಿಸದೆ ಹೋದದ್ದನ್ನು ಮೆಲ್ಲಗೆ ಹೇಳುತ್ತಿದ್ದಳು.

ಮುಂದೆ ನಿಂತಾಗ ತಲೆಗೆ ಬಂದದ್ದು ಅದೊಂದೇ ಗುಟ್ಟು.

“ಮೈ ಫ್ರೆಂಡ್ ಕೆನಾಟ್ ಹಿಯರ್ ಇನ್ ಒನ್ ಇಯರ್, ಬಟ್ ಐ ವಿಲ್ ನಾಟ್ ಸ್ಪಿಲ್ ದ ಬೀನ್ಸ್,” ಎಂದಳು, ಒಂದೇ ಉಸಿರಿಗೆ.

ಗ್ರಾಮರ್ ಎಲ್ಲ ಸರಿಯಾಗಿತ್ತು. ಆದರೆ ಮಿಸ್ ‘ಗುಡ್’ ಅನ್ನಲಿಲ್ಲ.

“ಚೆಲ್ಲೇಬಿಟ್ಟಳಲ್ಲೋ,” ಎಂದ ಗುಂಡ.

ಎಲ್ಲರೂ ಗೊಳ್ಳೆಂದು ನಕ್ಕು ಗುಬ್ಬಿಯ ಕಡೆ ತಿರುಗಿದರು. ಅವಳಲ್ಲದೆ ಚಿನಕುರುಳಿಗೆ ಇನ್ಯಾವ ಫ್ರೆಂಡ್?

ಫ್ಯಾನಿನ ಗಡಗಡದಲ್ಲಿ ಗುಬ್ಬಿಗೆ ಏನೂ ಕೇಳಿಸಿರಲಿಲ್ಲ. ಎಲ್ಲರೂ ನಗುತ್ತಿದ್ದರೆಂದು ಅವಳೂ ನಗುತ್ತಿದ್ದಳು.

ಚಿನಕುರುಳಿಯ ಮುಖ ಕಾದ ಕಾವಲಿಯಂತಾಯಿತು. ತಲೆ ತಗ್ಗಿಸಿ ಬಂದು ಕೂತಳು. ಗುಬ್ಬಿ ಎಂದಿನಂತೆ ಬಲಗಿವಿ ಬಗ್ಗಿಸಿದಳು.

“ಏನಂದೆ? ಯಾಕೆ ನಗ್ತಿದಾರೆ?”

‘ಏನೋ ತಮಾಷೆ’ ಅಂದುಬಿಡಬಹುದಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಗುಬ್ಬಿಯ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದರು. ಗುಬ್ಬಿ ತಿರುಗಲಿಲ್ಲ. ಅವಳ ಕಣ್ಣು ಚಿನಕುರುಳಿಯ ಮೇಲೇ ಇತ್ತು.

“ನಿನ್ನ ಕಿವಿ ವಿಷಯ,” ಎಂದಳು ಚಿನಕುರುಳಿ. “ಹೇಳ್ಬಿಟ್ಟೆ.”

ಗುಬ್ಬಿಯ ಮುಖದಿಂದ ನಗು ಹೋಗಲು ತುಸು ಹೊತ್ತು ಹಿಡಿಯಿತು. ಮಿಸ್ ಮಕ್ಕಳನ್ನು ಗದರಿ ಸುಮ್ಮನಾಗಿಸುತ್ತಿದ್ದಂತೆ ಅವಳು ಬ್ಯಾಗು ಎತ್ತಿಕೊಂಡು ಮೊದಲ ಬೆಂಚಿಗೆ ಹೋಗಿ ಕೂತಳು.

ಊಟದ ಬಿಡುವಿನಲ್ಲಿ ಗುಂಡ ಓಡಿ ಬಂದ. “ಹುಟ್ಟಿದಾಗಿಂದಲೂ ಹಾಗೇನಾ? ಹೇಗಾಯ್ತೇ?”

ಚಿನಕುರುಳಿಗೆ ಎಲ್ಲ ಗೊತ್ತಿತ್ತು. ಜ್ವರ ಬಂದದ್ದು, ಆಸ್ಪತ್ರೆಯಲ್ಲಿ ಮಲಗಿದ್ದು, ಎಲ್ಲ. ಕತೆ ನಾಲಿಗೆಯ ತುದಿಗೇ ಬಂದು ನಿಂತಿತು.

“ನಾನು ಹೇಳಲ್ಲ,” ಎಂದಳು. “ಅದು ಅವಳ ವಿಷಯ.”

ಗುಬ್ಬಿ ನಲ್ಲಿಯ ಹತ್ತಿರ ಟಿಫಿನ್ ಬಾಕ್ಸ್ ತೊಳೆಯುತ್ತಿದ್ದಳು. ಚಿನಕುರುಳಿ ಅವಳ ಬಲಕ್ಕೆ ಹೋಗಿ ನಿಂತಳು. ಬೇಕೆಂದು ಮಾಡಲಿಲ್ಲ, ನಿನ್ನ ಹೆಸರು ಹೇಳಲಿಲ್ಲ, ಬೇರೆ ವಾಕ್ಯ ಹೊಳೆಯಲಿಲ್ಲ ಎಂದೆಲ್ಲ ಹೇಳಲು ಬಂದಿದ್ದಳು. ಯಾವುದೂ ಹೇಳುವಂಥದ್ದಲ್ಲ ಅನಿಸಿತು.

“ತಪ್ಪಾಯ್ತು ಕಣೇ.”

ಗುಬ್ಬಿ ನಲ್ಲಿ ನಿಲ್ಲಿಸಿದಳು.

“ಕೇಳಿಸ್ತು,” ಎಂದಳು.

ಬಾಕ್ಸಿನ ನೀರು ಕೊಡವಿ ಕ್ಲಾಸಿನ ಕಡೆ ನಡೆದಳು. ಚಿನಕುರುಳಿ ಕೂಗಿ ಕರೆಯಲಿಲ್ಲ. ಸ್ವಲ್ಪ ಹಿಂದೆ, ಬಾಯಿ ಮುಚ್ಚಿಕೊಂಡು, ತಾನೂ ನಡೆದಳು.