ಫ್ಯೂಸು ನನ್ನ ಚೀಲದಲ್ಲಿತ್ತು

೨೦೦೨ರಲ್ಲಿ ಸರ್ಕಾರಿ ಕಚೇರಿಗಳೆಲ್ಲ ಕರೆಂಟು ಉಳಿಸಬೇಕೆಂದು ಸುತ್ತೋಲೆ ಬಂತು. ಬಂಟ್ವಾಳದ ಸುತ್ತಿನ ಕಚೇರಿಗಳ ಮೀಟರ್ ನೋಡಿ ಬರೆಯುವ ಕೆಲಸ ನನಗೆ ಬಿತ್ತು. ಮೆಲ್ಕಾರಿನ ಹತ್ತಿರದ ಒಂದು ಸಣ್ಣ ಕಚೇರಿಯಲ್ಲಿ ಮಾತ್ರ ಬೀಗ ಹಾಕಿದ ಭಾನುವಾರವೂ ಎರಡು ಯೂನಿಟ್ ಏರುತ್ತಿತ್ತು. ಬೀಗದ ಕೈ ಇದ್ದದ್ದು ಅಟೆಂಡರ್ ಬಾವಾನ ಹತ್ತಿರ; ಎದುರು ಸಿಕ್ಕರೆ ನಾವೆಲ್ಲ ಬಾವಾಕ ಎನ್ನುವುದು. ಕರೆಂಟು ಕದಿಯುವವನು ಅವನೇ ಎಂದು ಅಮಾನತಿನ ಮಾತೂ ಎದ್ದಿತ್ತು.

ಒಂದು ಶನಿವಾರ ಸಂಜೆ ಬಾವಾನ ಎದುರೇ ನಾನು ಆ ಕಚೇರಿಯ ಫ್ಯೂಸು ಕಿತ್ತು ಚೀಲಕ್ಕೆ ಹಾಕಿಕೊಂಡೆ. "ಸೋಮವಾರ ನೋಡುವ, ಬಾವಾಕ."

"ಕೊಂಡುಹೋಗಿ ಮಾರಾಯ್ರೆ. ಇನ್ನು ಏರಿದ್ರೆ ಕಳ್ಳ ನೀವೇ."

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಏನೋ ಕಾದ ವಾಸನೆ ಬಂತು. ಚೀಲಕ್ಕೆ ಕೈ ಹಾಕಿದರೆ ಫ್ಯೂಸು ಬಿಸಿಯಾಗಿತ್ತು. ಬಿಸಿಲಿಗೆ ಇರಬೇಕೆಂದುಕೊಂಡೆ, ಆದರೆ ಚೀಲ ಇದ್ದದ್ದು ಕತ್ತಲೆ ಕೋಣೆಯಲ್ಲಿ.

ಸೋಮವಾರ ಇಬ್ಬರೂ ಸೇರಿ ಬೀಗ ತೆಗೆದೆವು. ಏಪ್ರಿಲ್ ತಿಂಗಳು, ಆದರೂ ಒಳಗೆ ಸೆಕೆ ಇಲ್ಲ. ಫ್ಯಾನು ನಿಂತಿತ್ತು, ಮೇಜಿನ ಕಾಗದಗಳು ಮಾತ್ರ ಅಲುಗುತ್ತಿದ್ದವು. ಬಾವಾ ಬಲ್ಬು ಮುಟ್ಟಿ, ಬಿಸಿ ತಾಗಿ ಕೈ ಹಿಂದೆಗೆದ. ಮೀಟರ್ ಎರಡು ಯೂನಿಟ್ ಏರಿತ್ತು.

ಮೀಟರ್ ಕೆಟ್ಟಿದೆ ಎಂದು ವರದಿ ಬರೆದೆ. ಬಾವಾನ ಕೆಲಸ ಉಳಿಯಿತು. ಹೊಸ ಫ್ಯೂಸು ಹಾಕಿದ ಮೇಲೆ ಅಲ್ಲಿ ಭಾನುವಾರ ಒಂದು ಯೂನಿಟ್ ಸಹ ಏರಲಿಲ್ಲ.

ಹಳೆಯದು ನಮ್ಮ ಕಪಾಟಿನಲ್ಲಿ ಉಂಟು. ಭಾನುವಾರ ಮಧ್ಯಾಹ್ನ ಅದನ್ನು ಬರಿಗೈಯಲ್ಲಿ ಮುಟ್ಟಲಿಕ್ಕೆ ಆಗುವುದಿಲ್ಲ.